ಏಳು ಮನೆಯ ಬೆಕ್ಕು

ತೀರ್ಥಹಳ್ಳಿಗೆ ಹೋದವರು ಏನೇನು ನೋಡಬೇಕೆಂಬುದನ್ನು ಯಾರು ಬೇಕಾದರೂ ಹೇಳಿಯಾರು. ತುಂಗೆಗೆ ಅಡ್ಡಲಾಗಿ ನಿಂತ ಕಮಾನು ಸೇತುವೆ, ಹೊಳೆಯ ನಡುವಣ ಬಂಡೆಗಳು, ರಾಮಮಂಟಪ, ದಡದ ರಾಮೇಶ್ವರ ದೇವಾಲಯ; ಪರಶುರಾಮನ ಕೊಡಲಿಗೆ ಅಂಟಿದ್ದ ನೆತ್ತರ ಕಲೆ ಬೇರೆಲ್ಲಿಯೂ ಹೋಗದೆ ಇಲ್ಲಿಯ ನೀರಿನಲ್ಲಿ ಹೋಯಿತೆಂಬ ಸ್ಥಳಪುರಾಣ; ಎಳ್ಳಮಾವಾಸ್ಯೆಯ ಜಾತ್ರೆ. ಸಾಹಿತ್ಯಾಭಿಮಾನಿಗಳಾದರೆ ಕುಪ್ಪಳಿಗೆ ಹೋಗಿ ಕುವೆಂಪು ಅವರ ಮನೆಯನ್ನು ನೋಡಿ, ಕವಿಶೈಲವನ್ನೇರಿ, ಸಂಜೆಯವರೆಗೆ ಕುಳಿತು ಬರುತ್ತಾರೆ. ಮಳೆಯ ಹುಚ್ಚಿನವರು ನೆಟ್ಟಗೆ ಆಗುಂಬೆಯ ಬಸ್ಸು ಹಿಡಿಯುತ್ತಾರೆ. ಎಂಟು ವರ್ಷ ಆ ಊರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ನಾನೂ ಬಂದ ನೆಂಟರಿಗೆಲ್ಲ ಇವನ್ನೇ ತೋರಿಸಿದವನು. ಆದರೆ ನಾವು ಬಾಡಿಗೆಗಿದ್ದ ಬೀದಿಯನ್ನು, ಆ ಒಂದೇ ಬೀದಿಯನ್ನು, ಈ ತುದಿಯಿಂದ ಆ ತುದಿಯವರೆಗೆ ನಾನು ಸಾವಕಾಶವಾಗಿ ನೋಡಿದುದು ಊರು ಬಿಡಲು ಐದು ವಾರ ಉಳಿದಿದ್ದಾಗ. ಅದೂ ಒಂದು ಬೆಕ್ಕಿನ ಬೆನ್ನು ಹಿಡಿದು.

ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿಗೆ ವರ್ಗವಾದ ಆಜ್ಞೆ ಕೈಗೆ ಬಂದಿತು. ಜೂನ್ ಮೊದಲ ವಾರದೊಳಗೆ ಹೋಗಿ ಹಾಜರಾಗಬೇಕು. ಭಕ್ತಿಯ ವಿಚಾರದಲ್ಲಿ ಹಿರಿಯರು ಎರಡು ನ್ಯಾಯಗಳನ್ನು ಹೇಳುತ್ತಾರೆ: ಮರಿಯೇ ತಾಯಿಯನ್ನು ಬಿಗಿಯಾಗಿ ತಬ್ಬಿಕೊಂಡಿರುವುದು ಮರ್ಕಟಕಿಶೋರ ನ್ಯಾಯ; ತಾಯಿಯೇ ಮರಿಯ ಕತ್ತು ಕಚ್ಚಿ ತನಗೆ ಬೇಕಾದಲ್ಲಿಗೆ ಒಯ್ಯುವುದು ಮಾರ್ಜಾಲಕಿಶೋರ ನ್ಯಾಯ. ಸರಕಾರಿ ನೌಕರನದು ಎರಡನೆಯ ಪಂಥ. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತಿದೆಯಲ್ಲ, ಆ ಲೆಕ್ಕದಲ್ಲಿ ನಮಗೆ ಇದು ಮೂರನೆಯ ಮನೆ. ಲಾರಿಯವನು ಬಂದು ಸಾಮಾನು ನೋಡಿ ಹೋದ. ಅವನ ಪಟ್ಟಿಯಲ್ಲಿ ಮಂಚ, ಬೀರು, ಗ್ರೈಂಡರು, ಪುಸ್ತಕದ ಪೆಟ್ಟಿಗೆ ಹನ್ನೊಂದು, ಎಲ್ಲವೂ ಬಂದವು. ಪಟ್ಟಿಗೆ ಬರದೆ ಉಳಿದುದು ಜಗಲಿಯ ಮೇಲೆ ಕಾಲು ಚಾಚಿ ಮಲಗಿದ್ದ ಚುಕ್ಕಿ.

ಚುಕ್ಕಿ ನಮ್ಮ ಬೆಕ್ಕೇ ಎಂದು ಕೇಳಿದರೆ ಹೌದೆನ್ನಲೂ ಅಳುಕು, ಅಲ್ಲವೆನ್ನಲೂ ಅಳುಕು. ಆರು ವರ್ಷಗಳ ಹಿಂದೆ ಒಂದು ಜುಲೈ ತಿಂಗಳಲ್ಲಿ, ಹಂಚಿನ ಮೇಲೆ ಮಳೆ ಮೂರು ದಿನ ಬಿಡದೆ ಹೊಯ್ಯುತ್ತಿದ್ದಾಗ, ಅಂಗೈಯಗಲದ ಮರಿಯಾಗಿ ನಮ್ಮ ಜಗಲಿಯ ಮೇಲೆ ಬಂದು ಕುಳಿತಿತು. ಬಿಳಿ, ಕಪ್ಪು, ಕೆಂಪು ಮೂರು ಬಣ್ಣ. ಇಂಥ ಬೆಕ್ಕು ಬಹುತೇಕ ಹೆಣ್ಣೇ ಆಗಿರುತ್ತದೆಂಬುದನ್ನು ಪ್ರಾಣಿಶಾಸ್ತ್ರದ ಸಹೋದ್ಯೋಗಿಯೊಬ್ಬರು ಆಮೇಲೆ ವಿವರಿಸಿದರು. ಬೆಳಿಗ್ಗೆ ಒಂದು ಹಿಡಿ ಮೊಸರನ್ನ, ಸಂಜೆ ಒಂದು ಹಿಡಿ ಹಾಲನ್ನ. ಅಡಿಗೆಮನೆಯ ಹೊಸ್ತಿಲು ದಾಟಿದುದಿಲ್ಲ. ನಮ್ಮಲ್ಲಿ ರಾತ್ರಿ ಮಲಗಿದುದೂ ಇಲ್ಲ. ವರ್ಷಕ್ಕೊಮ್ಮೆ ಎಲ್ಲಿಯೋ ಮರಿ ಹಾಕಿ, ಕಣ್ಣು ಬಿಟ್ಟ ಮೇಲೆ ಒಂದೊಂದಾಗಿ ತಂದು ಮಗಳಿಗೆ ತೋರಿಸಿ, ಮತ್ತೆ ಎಲ್ಲಿಗೋ ಒಯ್ಯುತ್ತಿತ್ತು.

"ಕರಕೊಂಡೇ ಹೋಗೋಣ ಕಣ್ರೀ" ಎಂದಳು ನನ್ನ ಹೆಂಡತಿ. ಮಗಳಂತೂ ರಟ್ಟಿನ ಪೆಟ್ಟಿಗೆಯೊಂದಕ್ಕೆ ತೂತು ಕೊರೆದು ಸಿದ್ಧವಾಗಿಯೇ ಇಟ್ಟಿದ್ದಳು. ಹಿರಿಯರೊಬ್ಬರು ಮಾತ್ರ ನಕ್ಕು, "ಗೋಣಿಚೀಲಕ್ಕೆ ಹಾಕಿ ಮೀನುಮಾರ್ಕೆಟ್ಟಿನ ಹಿಂದೆ ಬಿಟ್ಟುಬನ್ನಿ ಮೇಷ್ಟ್ರೇ, ಅದರ ಹೊಟ್ಟೆಪಾಡು ಅದು ನೋಡಿಕೊಳ್ತದೆ" ಎಂದರು. ನಮ್ಮ ನಾಡಿನಲ್ಲಿ ಊರೂರಿಗೂ ಇರುವ ಉಪಾಯ ಇದು. ಕೇಳಲು ಕರುಣೆಯಂತೆಯೇ ಇದೆ. ಆದರೆ ಮೀನುಮಾರುಕಟ್ಟೆಯ ಹಿಂಭಾಗವೆಂಬುದು ಬರಿದಾದ ಸ್ಥಳವಲ್ಲ. ಅಲ್ಲಿ ಒಂದೊಂದು ಬುಟ್ಟಿಗೂ ಒಂದೊಂದು ಬೆಕ್ಕು ಹಕ್ಕುದಾರನಾಗಿ ಕುಳಿತಿರುತ್ತದೆ. ಹೊಸದಾಗಿ ಬಂದುದು ಕಡಿಸಿಕೊಂಡು, ಗಾಯ ಕೀವಾಗಿ, ಯಾವುದೋ ಚರಂಡಿಯ ಬದಿಗೆ ಸೇರುತ್ತದೆ. ಇಲ್ಲವೇ ಬಿಟ್ಟ ಮನೆಯನ್ನು ಹುಡುಕುತ್ತ ರಸ್ತೆಗೆ ಬಂದು ವಾಹನಕ್ಕೆ ಸಿಗುತ್ತದೆ. ಪ್ರಾಣಿಹಿಂಸೆಯನ್ನು ತಡೆಯುವ 1960ರ ಕಾಯಿದೆಯ 11ನೆಯ ಕಲಮು, ಹಸಿವು ನೀರಡಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತ್ಯಜಿಸುವುದನ್ನು ಅಪರಾಧಗಳ ಸಾಲಿನಲ್ಲಿಯೇ ಇರಿಸಿದೆ. ಕಾಯಿದೆಯ ಮಾತು ಹಾಗಿರಲಿ, ಆರು ವರ್ಷ ಉಂಡುಹೋದ ಜೀವವನ್ನು ಚೀಲಕ್ಕೆ ಹಾಕಲು ಕೈ ಬರಬೇಕಲ್ಲ!

ಬೇಸಗೆಯ ರಜೆ, ಪರೀಕ್ಷೆಯ ಉತ್ತರಪತ್ರಿಕೆಗಳು ಮುಗಿದಿದ್ದವು. ತೀರ್ಮಾನಿಸುವ ಮೊದಲು ಈ ಬೆಕ್ಕು ಇಪ್ಪತ್ತನಾಲ್ಕು ಗಂಟೆ ಏನು ಮಾಡುತ್ತದೆ ಎಂಬುದನ್ನಾದರೂ ತಿಳಿಯೋಣವೆಂದು ಮಗಳೂ ನಾನೂ ಅದರ ಹಿಂದೆ ಹೊರಟೆವು.

ಬೆಳಗಿನ ಮೊಸರನ್ನವಾದೊಡನೆ ಅದು ಪಾಗಾರದ ಮೇಲೆಯೇ ನಡೆದು ಎರಡನೆಯ ಮನೆಯ ದರ್ಜಿ ಅಂಗಡಿಗೆ ಹೋಗುತ್ತದೆ. ಅಲ್ಲಿ ಹೊಲಿಗೆಯ ಯಂತ್ರದ ಕೆಳಗೆ ಬಿದ್ದ ಬಟ್ಟೆಯ ಚೂರುಗಳ ಮೇಲೆ ಹನ್ನೊಂದರವರೆಗೆ ನಿದ್ರೆ. ಅಲ್ಲಿ ಅದರ ಹೆಸರು ರಾಣಿ. ದರ್ಜಿಯ ಹೆಂಡತಿ ಎರಡು ಸಲ ಅದರ ಹೆರಿಗೆಯನ್ನು ಮಾಡಿಸಿದವರಂತೆ. ಆ ಸುದ್ದಿಯನ್ನು ಆಕೆ ಬೀಗಿತ್ತಿಯ ಸುದ್ದಿಯಂತೆ ಹೇಳಿದರು. ಹನ್ನೊಂದಕ್ಕೆ ಘಟ್ಟದ ಕೆಳಗಿನಿಂದ ಬಂದ ಮೀನನ್ನು ಮೊಪೆಡ್ಡಿನ ಮೇಲೆ ಹೇರಿಕೊಂಡು ಬರುವವರ ಹಾರ್ನು ಬೀದಿಯ ತಿರುವಿನಲ್ಲಿ ಕೇಳುತ್ತದೆ. ಆ ಶಬ್ದಕ್ಕೆ ರಾಣಿ ಎದ್ದು ಚುರುಕಾಗಿ ಹೊರಡುತ್ತಾಳೆ. ಬೂತಾಯಿಯೊಂದು ಎಸೆದರೆ ಅದನ್ನು ಕಚ್ಚಿಕೊಂಡು ಅರಣ್ಯ ಇಲಾಖೆಯಿಂದ ನಿವೃತ್ತರಾದ ಒಬ್ಬರ ಹಿತ್ತಿಲ ಹಲಸಿನ ಮರದಡಿಗೆ. ಅವರಿಗೆ ಅದು ರಾಜ. ಗಂಡೆಂದೇ ಅವರ ನಂಬಿಕೆ. ಮರಿಗಳ ವಿಷಯ ತಿಳಿಸಿದಾಗ ಸ್ವಲ್ಪ ಹೊತ್ತು ಮಾತಾಡದೆ, "ನಮ್ಮ ರಾಜನೇ?" ಎಂದು ಎರಡು ಸಲ ಕೇಳಿದರು.

ಮಧ್ಯಾಹ್ನ ಅಡಕೆ ಮಂಡಿ. ಮಂಡಿಯ ಯಜಮಾನರಿಗೆ ಬೆಕ್ಕಿನ ಮೇಲೆ ಪ್ರೀತಿಯೇನೂ ಇಲ್ಲ, ಹೆಸರನ್ನೂ ಇಟ್ಟಿಲ್ಲ, ಆದರೆ ಲೆಕ್ಕವಿದೆ. ಗೋಣಿಯ ಮೂಲೆ ಕಡಿದ ಇಲಿ ಎಷ್ಟು ನಷ್ಟ ಮಾಡುತ್ತದೆಂಬುದನ್ನು ಅವರು ಕಿಲೋ ಲೆಕ್ಕದಲ್ಲಿ ಹೇಳಬಲ್ಲರು. "ಬೆಕ್ಕನ್ನು ಒಯ್ದರೆ ನಮಗೆ ಇನ್ನೊಂದು ತಂದುಕೊಟ್ಟು ಒಯ್ಯಬೇಕು ಸಾರ್" ಎಂದರು, ಅರ್ಧ ತಮಾಷೆಯಾಗಿ. ಹೋಟೆಲಿನ ಹಿಂಬದಿ, ಹೊಳೆಗೆ ಇಳಿಯುವ ಮೆಟ್ಟಿಲ ಪಕ್ಕದ ಪುರೋಹಿತರ ಮನೆ, ಇವು ದಾರಿಯಲ್ಲಿ ಸಿಕ್ಕುವ ಸಣ್ಣ ನಿಲ್ದಾಣಗಳು.

ಸಂಜೆ ನಮ್ಮ ಹಾಲನ್ನವಾದ ಮೇಲೆ ಎಲ್ಲಿ ಹೋಗುತ್ತದೆಂಬುದೇ ಏಳನೆಯ ಮನೆಯ ರಹಸ್ಯ. ಬೀದಿಯ ಕೊನೆಯಲ್ಲಿ, ತೋಟಕ್ಕೆ ತಾಗಿದಂತೆ, ಹಳೆಯ ಕಾಲದ ತೊಟ್ಟಿಮನೆಯ ಅರ್ಧ ಉಳಿದುಕೊಂಡಿದೆ. ಪಾಲಾಗಿ ಉಳಿದರ್ಧ ಬಿದ್ದುಹೋಯಿತು. ಅಲ್ಲಿ ಎಪ್ಪತ್ತೆಂಟು ವರ್ಷದ ಅಜ್ಜಿಯೊಬ್ಬರೇ ಇರುತ್ತಾರೆ. ಮಲೆನಾಡಿನ ಬಚ್ಚಲುಮನೆಯನ್ನು ನೋಡಿದವರಿಗೆ ನಾನು ವರ್ಣಿಸಬೇಕಾಗಿಲ್ಲ. ಗಾರೆಯಲ್ಲಿ ಕೂಡಿಸಿದ ತಾಮ್ರದ ಹಂಡೆ, ಅದರಡಿಯಲ್ಲಿ ಆರದ ಒಲೆ, ಒಲೆಯ ಬಾಯಿಗೆ ಒಂದು ದಪ್ಪ ಕುಂಟೆ, ಪಕ್ಕದಲ್ಲಿ ಅಡಕೆಯ ಸಿಪ್ಪೆಯೂ ಸೋಗೆಯ ತುಂಡುಗಳೂ. ಊರಿಗೆಲ್ಲ ಸೋಲಾರು, ಗೀಸರು ಬಂದರೂ ಅಜ್ಜಿ ಆ ಒಲೆಯನ್ನು ಬಿಟ್ಟಿಲ್ಲ. ಮಳೆಗಾಲದಲ್ಲಿ ಒದ್ದೆಯಾಗದ ಸ್ಥಳ ಆ ಬೀದಿಯಲ್ಲಿದ್ದರೆ ಅದು ಆ ಒಲೆಯ ಪಕ್ಕದ ಒಂದೂವರೆ ಗೇಣು ನೆಲ. ಚುಕ್ಕಿ ಅಲ್ಲಿ ಬೂದಿಗೆ ಬೆನ್ನು ತಾಗಿಸಿ ಮಲಗಿತ್ತು. "ಕರೇ ಬೆಕ್ಕಾಗ್ತದೆ ದಿನಾ, ನೆಕ್ಕಿ ನೆಕ್ಕಿ ಬೆಳಿಗ್ಗೆ ಮತ್ತೆ ಬೆಳ್ಳಗಾಗ್ತದೆ" ಎಂದರು ಅಜ್ಜಿ. "ಯಾರದ್ದು ಅಂತ ನಾನು ಕೇಳ್ಲಿಲ್ಲ ಮೇಷ್ಟ್ರೇ. ಬಂತು, ಮಲಗ್ತು." ಅವರು ಅದನ್ನು 'ಕೂಸೇ' ಎಂದು ಕರೆಯುತ್ತಿದ್ದರು.

ನಾಯಿ ಒಡೆಯನದು, ಬೆಕ್ಕು ಮನೆಯದು ಎಂದು ತಿಳಿದವರು ಹೇಳುವುದುಂಟು. ನಮ್ಮ ಸಾಹಿತ್ಯವೂ ಈ ಭೇದವನ್ನು ಮನಗಂಡಂತಿದೆ. 1967ರಲ್ಲಿ ಪ್ರಕಟವಾದ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಗುತ್ತಿಯ ನಾಯಿ ಹುಲಿಯನನ್ನು ಮರೆಯುವ ಓದುಗನಿಲ್ಲ. ಒಡೆಯನ ಹಿಂದೆ ಮಲೆಯೆಲ್ಲ ತಿರುಗಿದ ಆ ನಾಯಿ ಕೊನೆಗೆ ಇದೇ ತುಂಗೆಯ ನೆರೆಗೆ ಸಿಕ್ಕುತ್ತದೆ. ಬೆಕ್ಕಿಗೆ ಅಂಥ ಕವಿ ಸಿಕ್ಕಲಿಲ್ಲ. ತೆನಾಲಿ ರಾಮಕೃಷ್ಣನ ಬಿಸಿಹಾಲಿನ ಬೆಕ್ಕು ನಮ್ಮನ್ನು ನಗಿಸಿತು, ಅಷ್ಟೆ. ನೆರೆಯ ಹೊಳೆಯನ್ನು ಯಾರ ಹಿಂದೆಯೂ ದಾಟದಿರುವುದು ಬೆಕ್ಕಿನ ಜಾಣ್ಮೆಯೆಂದು ನನಗಂತೂ ತೋರುತ್ತದೆ. ಅದಕ್ಕಾಗಿ ಅದನ್ನು ಕೃತಘ್ನವೆಂದು ಕರೆಯುವುದು ನ್ಯಾಯವಲ್ಲ.

ಒಯ್ಯುವುದೋ ಬಿಡುವುದೋ, ಯಾವುದಾದರೂ ಸರಿ, ಇನ್ನು ಮರಿಗಳಾಗದಂತೆ ಶಸ್ತ್ರಕ್ರಿಯೆ ಮಾಡಿಸಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿಯೇ ಮುಂದಿನ ಮಾತು ಎಂದು ನಿಶ್ಚಯಿಸಿದೆವು. ಬೆಕ್ಕು ಸುಮಾರು ಒಂಬತ್ತು ವಾರಕ್ಕೆ ಗಬ್ಬ ಮುಗಿಸಿ, ವರ್ಷಕ್ಕೆ ಎರಡು ಮೂರು ಸಲ ಈಯಬಲ್ಲುದು. ನಾವು ಹೊರಟ ಮೇಲೆ ಅಜ್ಜಿಯ ಬಚ್ಚಲಲ್ಲಿ ಐದು ಮರಿಗಳಾದರೆ ಯಾರು ನೋಡುವವರು? ಮೇ ಎರಡನೆಯ ವಾರ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ, ಸುಮಾರು 60 ಕಿಲೋಮೀಟರು, ಗೆಳೆಯರೊಬ್ಬರ ಕಾರಿನಲ್ಲಿ ಹೊರಟೆವು. ಚಂದದ ದಾರಿ. ತುಂಗೆ ಎಡಬಿಡದೆ ಮರಗಳ ಸಂದಿಯಲ್ಲಿ ಮಿನುಗುತ್ತ ಜೊತೆ ಬರುತ್ತಾಳೆ. ಮಂಡಗದ್ದೆಯ ಹತ್ತಿರ ಹೊಳೆಯ ನಡುಗಡ್ಡೆಯ ಮರಗಳಿಗೆ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಬಂದು ಗೂಡು ಕಟ್ಟುತ್ತವೆ. ಆಗ ಮರ ಹೂಬಿಟ್ಟಂತೆ ಕಾಣುತ್ತದೆ. ಅದರ ಮುಂದೆ ಸಕ್ರೆಬೈಲಿನ ಆನೆಗಳು, ಗಾಜನೂರಿನ ಅಣೆಕಟ್ಟು. ಪ್ರತಿ ಸಲ ಕಿಟಕಿಗೆ ಮುಖವಿಟ್ಟು ಕೂರುವ ಮಗಳು ಆ ದಿನ ಒಂದನ್ನೂ ನೋಡಲಿಲ್ಲ. ಕಾರು ಹೊರಟೊಡನೆ ಆರಂಭವಾದ ಕೂಗು ಮಂಡಗದ್ದೆಯವರೆಗೆ ನಿಲ್ಲಲಿಲ್ಲ. ಆಮೇಲೆ ಬಾಯಿ ತೆರೆದು ನಾಯಿಯಂತೆ ಏದುತ್ತ, ಜೊಲ್ಲು ಸುರಿಸುತ್ತ, ಹಾಸಿದ ಬಟ್ಟೆಯನ್ನೆಲ್ಲ ಒದ್ದೆಮಾಡಿಕೊಂಡು, ಪೆಟ್ಟಿಗೆಯ ಮೂಲೆಗೆ ಒತ್ತಿಕೊಂಡಿತು. ಬೆಂಗಳೂರಿನ ದಾರಿ ಇದರ ಐದು ಪಾಲಿಗೂ ಮಿಕ್ಕಿದ್ದು.

ಪ್ರಯಾಣದ ಹೆದರಿಕೆ ಒಂದು ದಿನದ್ದು. ಅಷ್ಟಕ್ಕೇ ನಾನು ತೀರ್ಮಾನಿಸುತ್ತಿರಲಿಲ್ಲ. ನಮಗೆ ಬುದ್ಧಿ ಕಲಿಸಿದುದು ಆಮೇಲಿನ ಹತ್ತು ದಿನ. ಹೊಲಿಗೆ ಒಣಗುವವರೆಗೆ ಹೊರಗೆ ಬಿಡಬೇಡಿರೆಂದು ವೈದ್ಯರು ಹೇಳಿದ್ದರು. ಹೊಸ ಊರಿಗೆ ಒಯ್ದ ಬೆಕ್ಕನ್ನೂ ಮೊದಲ ಮೂರು ನಾಲ್ಕು ವಾರ ಹೀಗೆಯೇ ಒಳಗಿಟ್ಟು ಪಳಗಿಸಬೇಕು, ಇಲ್ಲವಾದರೆ ಹಳೆಯ ಮನೆಯನ್ನು ಹುಡುಕಿ ಹೊರಟುಬಿಡುತ್ತದೆ ಎಂದೂ ತಿಳಿಸಿದ್ದರು. ಇದನ್ನೇ ಪರೀಕ್ಷೆಯೆಂದು ಭಾವಿಸಿ ಪುಸ್ತಕದ ಕೋಣೆಯನ್ನು ಅದಕ್ಕೆ ಬಿಟ್ಟುಕೊಟ್ಟೆವು. ತಟ್ಟೆಯಲ್ಲಿ ಮರಳಿಟ್ಟರೆ ಒಂದೂವರೆ ದಿನ ಮುಟ್ಟಲಿಲ್ಲ. ಅನ್ನ ಹಾಗೆಯೇ ಒಣಗಿತು. ಹಗಲೆಲ್ಲ ಕಿಟಕಿಯ ಸರಳಿಗೆ ಮುಖವೊತ್ತಿ ಬೀದಿಯನ್ನು ನೋಡುತ್ತಿತ್ತು. ಹನ್ನೊಂದಕ್ಕೆ ಮೀನಿನ ಹಾರ್ನು ಕೇಳಿದಾಗ ಗೋಡೆ ಪರಚುತ್ತಿತ್ತು. ರಾತ್ರಿ ಕೂಗುತ್ತಿದ್ದ ಕೂಗು ಹಸಿವಿನದಲ್ಲ, ನೋವಿನದೂ ಅಲ್ಲ. ಏಳನೆಯ ದಿನ ಕೂಗುವುದನ್ನು ಬಿಟ್ಟು ಬೀರುವಿನ ಹಿಂದೆ ಹೋಗಿ ಕುಳಿತಿತು, ಕರೆದರೂ ಬರಲಿಲ್ಲ. "ಪಳಗ್ತಾ ಇದೆ" ಎಂದೆ. "ಪಳಗಿದ ಹಾಗೆ ಕಾಣಲ್ಲ" ಎಂದಳು ಹೆಂಡತಿ. ಒಯ್ಯೋಣವೆಂದು ಮೊದಲು ಹೇಳಿದವಳೇ ಅವಳು. ಆ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಮರಿಯಾಗಿದ್ದರೆ, ಮನೆಯೊಳಗೇ ಬೆಳೆದ ಬೆಕ್ಕಾಗಿದ್ದರೆ, ಅಥವಾ ಬೀದಿಯಲ್ಲಿ ಅದನ್ನು ಕೇಳುವವರೇ ಇಲ್ಲವಾಗಿದ್ದರೆ, ಒಂದು ತಿಂಗಳಲ್ಲ, ನಾಲ್ಕು ತಿಂಗಳು ಕಷ್ಟಪಟ್ಟಾದರೂ ಒಯ್ಯುವುದೇ ಸರಿಯಾದೀತು. ಬೆಂಗಳೂರಿನಲ್ಲಿ ಸಾವಿರಾರು ಬೆಕ್ಕುಗಳು ಬಾಗಿಲು ದಾಟದೆ ಸುಖವಾಗಿಯೇ ಇವೆ. ನಮಗೆ ಗೊತ್ತಾದ ಮನೆ ಮೂರನೆಯ ಮಹಡಿಯದು, ಕೆಳಗೆ ಬಸ್ಸು ಓಡುವ ರಸ್ತೆ. ಮನೆಯ ಒಡೆಯರ ಆಕ್ಷೇಪವೇನೂ ಇರಲಿಲ್ಲ. ಆದರೆ ಆರು ವರ್ಷದ ಚುಕ್ಕಿಗೆ ಏಳು ಮನೆಗಳನ್ನು ಕಳೆದು ಒಂದು ಮನೆ ಕೊಡುವುದು ಯಾವ ಲೆಕ್ಕ?

ಹಾಗಾದರೆ ಬಿಡುವುದು. ಬಿಡುವುದೆಂದರೆ ಬಾಗಿಲು ತೆರೆದು ಲಾರಿ ಹತ್ತುವುದಲ್ಲ. ಏಳು ಮನೆ ಇವೆ ಎಂದರೆ ಏಳರಲ್ಲಿ ಆರು ಮನೆಯವರು 'ಇನ್ನೊಬ್ಬರು ಹಾಕುತ್ತಾರೆ' ಎಂದುಕೊಳ್ಳುವ ಅಪಾಯವೂ ಇದೆ. ಜೊತೆಗೆ ಕಾಲವೂ ಅನುಕೂಲವಾಗಿರಲಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಹನ್ನೊಂದರ ಹಾರ್ನು ಇಲ್ಲ. ಮಳೆ ಹಿಡಿದರೆ ಹೋಟೆಲಿನ ಹಿಂಬದಿಯೂ ಇಲ್ಲ, ಹಲಸಿನ ಮರದಡಿಯೂ ಇಲ್ಲ. ನಮ್ಮ ಎರಡು ಹಿಡಿ ಅನ್ನವೂ ಅದೇ ವಾರ ತಪ್ಪುತ್ತದೆ. ಆದ್ದರಿಂದ ಒಬ್ಬರು ಬಾಯಿಬಿಟ್ಟು ಒಪ್ಪಿಕೊಳ್ಳಬೇಕಿತ್ತು.

ಅಜ್ಜಿಯನ್ನು ಕೇಳಿದಾಗ ಅವರು ಒಡನೆ ಹೂಂ ಎನ್ನಲಿಲ್ಲ. ಒಲೆಗೆ ಸಿಪ್ಪೆ ತಳ್ಳುತ್ತ, "ಅನ್ನ ಹಾಕೋದು ದೊಡ್ಡದಲ್ಲ. ನಾನೇ ಎಷ್ಟು ದಿನ ಇರ್ತೀನೋ ನೋಡಿ. ಮಗ ಬೆಂಗಳೂರಿಗೆ ಬಾ ಬಾ ಅಂತಿದಾನೆ. ನಿಮ್ಮ ಹಾಗೆ ನಾನೂ ಒಂದಿನ ಬಾಗಿಲು ಹಾಕಿಕೊಂಡು ಹೋದ್ರೆ ಅದು ಎರಡು ಸಲ ಅನಾಥ ಆಗ್ತದಲ್ಲ?" ಎಂದರು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಅದೇ ಅಜ್ಜಿ ದರ್ಜಿಯ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ನಮ್ಮ ಜಗಲಿಗೆ ಬಂದರು. ರಾತ್ರಿ ಒಲೆ, ಸಂಜೆ ಅನ್ನ ಅಜ್ಜಿಯದು. ಬೆಳಗಿನ ಅನ್ನವೂ, ಕಾಯಿಲೆಕಸಾಲೆಯೂ, ವರ್ಷದ ಲಸಿಕೆಯೂ ದರ್ಜಿಯವರದು. ಅಜ್ಜಿ ಊರು ಬಿಟ್ಟರೆ ಎಲ್ಲವೂ ದರ್ಜಿಯವರದು. ಲಸಿಕೆಯ ಮತ್ತು ವೈದ್ಯರ ಖರ್ಚು ನನ್ನದು. ಅನ್ನದ ಖರ್ಚಿಗೆ ಹಣವೆಂದಾಗ ಅಜ್ಜಿಗೆ ಸಿಟ್ಟು ಬಂದಿತು, ಆ ಮಾತನ್ನು ಅಲ್ಲಿಗೇ ಬಿಟ್ಟೆ. ಮಂಡಿಯ ಯಜಮಾನರು ತಮಗೆ ಬೇರೆ ಬೆಕ್ಕು ಬೇಕಾಗಲಿಲ್ಲವೆಂದು ಸಂತೋಷಪಟ್ಟರು.

ಉಳಿದ ಎರಡು ವಾರ ನಾವು ಮಾಡಿದ ಕೆಲಸ ಹೇಳಲು ಸಣ್ಣದು, ಮಾಡಲು ಕಷ್ಟದ್ದು. ನಮ್ಮ ಮನೆಯಲ್ಲಿ ಅನ್ನ ಹಾಕುವುದನ್ನು ನಿಲ್ಲಿಸಬೇಕು. ಸಂಜೆ ಮಗಳು ಹಾಲನ್ನದ ಬಟ್ಟಲನ್ನು ಹಿಡಿದು ಬೀದಿಯ ಕೊನೆಯವರೆಗೆ ನಡೆಯುವಳು. ಚುಕ್ಕಿ ಬಾಲವೆತ್ತಿಕೊಂಡು ಹಿಂದೆ. ಬಚ್ಚಲಿನ ಬಾಗಿಲಲ್ಲಿ ಬಟ್ಟಲನ್ನು ಅಜ್ಜಿಯ ಕೈಗೆ ಕೊಟ್ಟು ಬರುವುದು. ನಾಲ್ಕನೆಯ ದಿನದಿಂದ ಬಟ್ಟಲೂ ಅಲ್ಲಿಯೇ ಉಳಿಯಿತು. ಎಂಟನೆಯ ದಿನ ಸಂಜೆ ಚುಕ್ಕಿ ನಮ್ಮ ಜಗಲಿಗೆ ಬರದೆ ನೇರವಾಗಿ ಅಲ್ಲಿಗೇ ಹೋಯಿತು. ಅಂದುಕೊಂಡಂತೆಯೇ ಆಗಿತ್ತು, ಆದರೂ ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಜೂನ್ 4ರಂದು ಲಾರಿ ಬಂದಿತು. ಸಾಮಾನು ಹೇರುವ ಗಲಾಟೆಗೆ ಬೆದರಿ ಓಡದಿರಲೆಂದು ಚುಕ್ಕಿಯನ್ನು ಬೆಳಿಗ್ಗೆಯೇ ಬಚ್ಚಲಲ್ಲಿ ಕೂಡಿಹಾಕಿ ಅಜ್ಜಿ ಚಿಲಕ ಹಾಕಿದ್ದರು. ಮಗಳು ಹೋಗಿ ನೋಡಿ ಬಂದಳು. ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ತನ್ನ ಬಣ್ಣದ ಪೆನ್ಸಿಲುಗಳನ್ನು ತುಂಬಿಕೊಂಡಳು.

ನಾವು ಬಂದ ಮೂರನೆಯ ದಿನ ಮಳೆ ಹಿಡಿಯಿತಂತೆ. ಜೂನ್ ಪೂರ್ತಿ ಚುಕ್ಕಿ ಪ್ರತಿದಿನ ಸಂಜೆ ಒಂದರ್ಧ ಗಂಟೆ ನಮ್ಮ ಹಳೆಯ ಜಗಲಿಯಲ್ಲಿ ಕುಳಿತು ಹೋಗುತ್ತಿದ್ದ ಸುದ್ದಿ ಬಂದಿತು. ಮನೆಗೆ ಹೊಸದಾಗಿ ಬಂದವರು ಓಡಿಸಲಿಲ್ಲ, ಅನ್ನವನ್ನೂ ಹಾಕಲಿಲ್ಲ. ಜುಲೈಯಲ್ಲಿ ಅದು ಎರಡು ದಿನಕ್ಕೊಮ್ಮೆಯಾಯಿತು. ಆಗಸ್ಟಿನಲ್ಲಿ ಮೀನಿನ ಮೊಪೆಡ್ಡು ಮತ್ತೆ ಬರತೊಡಗಿದ ಮೇಲೆ ಆ ಸುದ್ದಿ ನಿಂತಿತು. ನಿವೃತ್ತ ಅರಣ್ಯಾಧಿಕಾರಿಗಳು ಮಾತ್ರ ಈಗಲೂ ರಾಜನೆಂದೇ ಕರೆಯುತ್ತಾರಂತೆ. ಫೋನಿನಲ್ಲಿ ಮಗಳು ಹಟ ಹಿಡಿದರೆ ಅಜ್ಜಿ ಅದನ್ನು ಚುಕ್ಕಿಯ ಕಿವಿಯ ಬಳಿ ಹಿಡಿಯುತ್ತಾರೆ. ಆ ಕಡೆಯಿಂದ ಕುಂಟೆ ಚಟಪಟಿಸುವ ಸದ್ದು ಕೇಳುತ್ತದೆ, ಹಂಚಿನ ಮೇಲೆ ಬೀಳುವ ಮಳೆ ಕೇಳುತ್ತದೆ. ಮುಂದಿನ ಲಸಿಕೆ ಮೇ ತಿಂಗಳಲ್ಲಿ. ಅದಕ್ಕೆ ಮುಂಚೆ ಎಳ್ಳಮಾವಾಸ್ಯೆಯ ಜಾತ್ರೆಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಚುಕ್ಕಿಗೆ ತನ್ನ ಗುರುತು ಸಿಕ್ಕುವುದೇ ಎಂದು ಮಗಳು ಕೇಳಿದ್ದಕ್ಕೆ, "ಹಾಲನ್ನ ತಗೊಂಡು ಬಾ ಮಗಾ, ನೋಡುವಾ" ಎಂದರಂತೆ ಅಜ್ಜಿ.